ಬಿಪಿಡಿ ಇರುವ ಹೆಣ್ಣುಮಕ್ಕಳು, ಮನೆ, ಮದುವೆ, ಕಾನೂನು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಅಂದರೆ ಬಿಪಿಡಿ ಇದೆ ಎಂದು ಗೊತ್ತಾದ ಮೇಲೆ ಹೆಣ್ಣುಮಕ್ಕಳೂ ಅವರ ಮನೆಯವರೂ ಕೇಳುವ ಪ್ರಶ್ನೆಗಳಲ್ಲಿ ಮಾತ್ರೆಯ ಬಗ್ಗೆ ಇರುವುದು ಕಡಿಮೆ. ಗಂಡ, ಅತ್ತೆಮನೆ, ಮಗು, ಪೊಲೀಸ್, ದುಡ್ಡು, ‘ನಾಲ್ಕು ಜನ ಏನಂತಾರೆ’ ಎಂಬುದರ ಬಗ್ಗೆಯೇ ಹೆಚ್ಚು. ಅದು ಸಹಜವೇ. ಈ ಕಾಯಿಲೆ ಉಲ್ಬಣಿಸುವುದೂ ಶಮನವಾಗುವುದೂ ಬಹುಪಾಲು ಸಂಬಂಧಗಳ ನಡುವೆಯೇ.

## ಮೊದಲ ಪ್ರಶ್ನೆಗಳು

ಡಾಕ್ಟರ್ ಚೀಟಿಯಲ್ಲಿ ಬಿಪಿಡಿ ಅಂತ ಬರೆದಿದ್ದಾರೆ. ಹಾಗಂದ್ರೆ ಏನು?

ಭಾವನೆಗಳು ಬೇಗ ಏರುವುದು, ಜೋರಾಗಿ ಏರುವುದು, ಇಳಿಯಲು ತುಂಬ ಹೊತ್ತು ಹಿಡಿಯುವುದು ಇದರ ತಿರುಳು. ಅಮೆರಿಕದ ಡಿಎಸ್‌ಎಂ ಕೈಪಿಡಿಯಲ್ಲಿ (ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ ಪುಸ್ತಕ) 9 ಲಕ್ಷಣಗಳಿವೆ: ಯಾರಾದರೂ ಬಿಟ್ಟುಹೋಗುತ್ತಾರೆಂಬ ವಿಪರೀತ ಭಯ, ಒಬ್ಬರನ್ನೇ ಇವತ್ತು ದೇವರೆಂದು ನಾಳೆ ಶತ್ರುವೆಂದು ಕಾಣುವ ಸಂಬಂಧಗಳು, ತಾನು ಯಾರೆಂಬುದರ ಗೊಂದಲ, ದುಡುಕು, ಸ್ವಹಾನಿ ಅಥವಾ ಸಾಯುವ ಮಾತು, ಗಂಟೆಗಂಟೆಗೆ ಬದಲಾಗುವ ಮನಸ್ಥಿತಿ, ಒಳಗೆಲ್ಲ ಖಾಲಿ ಎನ್ನಿಸುವುದು, ತಡೆಯಲಾಗದ ಸಿಟ್ಟು, ಒತ್ತಡದಲ್ಲಿ ಸಂಶಯ ಅಥವಾ ಮಂಕು ಕವಿಯುವುದು. ಇವುಗಳಲ್ಲಿ ಕನಿಷ್ಠ 5 ಇರಬೇಕು, ಅವು ಹದಿಹರೆಯದಿಂದಲೋ ಯೌವನದಿಂದಲೋ ನಡೆದುಬಂದಿರಬೇಕು. ಒಂದು ಜಗಳದ ವಾರವನ್ನು ನೋಡಿ ಬಿಪಿಡಿ ಎನ್ನುವಂತಿಲ್ಲ. ಚೀಟಿಯಲ್ಲಿ ಎಫ್60.3 ಎಂಬ ಕೋಡ್ ಎಂದೋ ‘ಇಮೋಷನಲಿ ಅನ್‌ಸ್ಟೇಬಲ್’ ಎಂದೋ ಇದ್ದರೂ ಅದು ಇದೇ.

ಇನ್ನೊಬ್ಬ ಡಾಕ್ಟರ್ ಬೈಪೋಲಾರ್ ಅಂದಿದ್ರು. ಯಾವುದು ಸರಿ?

ಏರಿಳಿತ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿ. ಬೈಪೋಲಾರ್‌ನಲ್ಲಿ ಉನ್ಮಾದದ ಹಂತ ದಿನಗಟ್ಟಲೆ, ವಾರಗಟ್ಟಲೆ ಇರುತ್ತದೆ. ನಿದ್ದೆ ಬೇಡವೆನಿಸುತ್ತದೆ, ಆದರೂ ಸುಸ್ತಿರುವುದಿಲ್ಲ. ಬಿಪಿಡಿಯಲ್ಲಿ ಬೆಳಿಗ್ಗೆ ಚೆನ್ನಾಗಿದ್ದವಳು ಮಧ್ಯಾಹ್ನ ಕುಸಿದು ರಾತ್ರಿ ಮತ್ತೆ ಸರಿಹೋಗಬಹುದು. ಪ್ರತಿ ಕುಸಿತದ ಹಿಂದೆ ಸಾಮಾನ್ಯವಾಗಿ ಯಾರೋ ಆಡಿದ ಮಾತು, ಎತ್ತದ ಫೋನ್, ತಡವಾಗಿ ಬಂದ ಗಂಡ ಇರುತ್ತಾರೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಮುಂದಿನ ಭೇಟಿಗೆ ಮುಂಚೆ ಎರಡು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಮುಟ್ಟಿನ ದಿನಗಳು, ನಿದ್ದೆಯ ಗಂಟೆ, ಮನಸ್ಸು ಕೆಟ್ಟ ಹೊತ್ತು, ಅದಕ್ಕೆ ಮುಂಚೆ ನಡೆದದ್ದು ಬರೆದಿಡಿ. ಮುಟ್ಟಿನ ಹಿಂದಿನ ವಾರ ಮಾತ್ರ ಎಲ್ಲವೂ ಕೆಡುತ್ತಿದ್ದರೆ ಅದೂ ಅಲ್ಲೇ ಕಾಣುತ್ತದೆ.

ಇದು ಹೆಂಗಸರಿಗೇ ಬರೋ ಕಾಯಿಲೆನಾ?

ಅಲ್ಲ. ಚಿಕಿತ್ಸೆಗೆ ಬರುವವರಲ್ಲಿ ಮುಕ್ಕಾಲು ಪಾಲು ಹೆಂಗಸರು ಎಂದು ಹಳೆಯ ಕೈಪಿಡಿಗಳು ಬರೆದವು. ಆದರೆ 2008ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯಲ್ಲಿ ಗಂಡಸರು ಹೆಂಗಸರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅದೇ ಸಿಟ್ಟು, ಅದೇ ದುಡುಕು ಇರುವ ಗಂಡಸು ಕುಡಿತ ಬಿಡಿಸುವ ಕೇಂದ್ರಕ್ಕೋ ಪೊಲೀಸ್ ಠಾಣೆಗೋ ಹೋಗುತ್ತಾನೆ, ಹೆಂಗಸು ಮನೋವೈದ್ಯರ ಬಳಿಗೆ ಬರುತ್ತಾಳೆ. ಗಂಡಸಿನ ಸಿಟ್ಟಿಗೆ ನಮ್ಮಲ್ಲಿ ‘ಸ್ವಲ್ಪ ಮುಂಗೋಪಿ’ ಎಂಬ ಮಾಫಿ ಇದೆ. ಹೆಂಗಸಿನ ಸಿಟ್ಟಿಗೆ ಅದು ಸಿಗುವುದಿಲ್ಲ.

ನಾವು ಬೆಳೆಸಿದ್ದೇ ತಪ್ಪಾಯ್ತಾ?

ಹೆತ್ತವರು, ಅದರಲ್ಲೂ ತಾಯಂದಿರು ಅಳುತ್ತಾ ಕೇಳುವ ಪ್ರಶ್ನೆ ಇದು. ಒಂದೇ ಕಾರಣ ಅಂತ ಇಲ್ಲ. ಹುಟ್ಟಿನಿಂದಲೇ ಚರ್ಮ ತೆಳುವಾದಂಥ ಸ್ವಭಾವ ಒಂದು ಕಡೆ. ಆ ಸ್ವಭಾವದ ಮಗುವಿಗೆ ‘ಅಷ್ಟಕ್ಕೆಲ್ಲಾ ಅಳ್ತಾರಾ’, ‘ಹೆಣ್ಣುಮಕ್ಕಳು ಹೀಗೆ ಕಿರುಚಬಾರದು’ ಎಂದು ವರ್ಷಗಟ್ಟಲೆ ಹೇಳಿದ ಪರಿಸರ ಇನ್ನೊಂದು ಕಡೆ. ಈ ಎರಡರ ತಿಕ್ಕಾಟದಿಂದ ಸಮಸ್ಯೆ ಬೆಳೆಯುತ್ತದೆ ಎಂಬುದು ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಭಾವನೆಗಳನ್ನು ನಿಭಾಯಿಸಲು ಕಲಿಸುವ ಮಾತಿನ ಚಿಕಿತ್ಸೆ) ಚಿಕಿತ್ಸೆಯನ್ನು ರೂಪಿಸಿದ ಮಾರ್ಷಾ ಲಿನೆಹನ್ ಅವರ ವಿವರಣೆ. ಅದೇ ಮನೆಯಲ್ಲಿ ಬೆಳೆದ ಅಕ್ಕನಿಗೆ ಏನೂ ಆಗದಿರಬಹುದು. ಬಿಪಿಡಿ ಇರುವ ಬಹಳ ಮಂದಿ ಬಾಲ್ಯದಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ ಅಥವಾ ಕಡೆಗಣನೆ ಅನುಭವಿಸಿದವರು, ಆದರೆ ಎಲ್ಲರೂ ಅಲ್ಲ. ಮಗಳು ಚಿಕ್ಕಂದಿನಲ್ಲಿ ಸಂಬಂಧಿಕರೊಬ್ಬರ ಬಗ್ಗೆ ಏನೋ ಹೇಳಲು ಬಂದಾಗ ‘ಸುಮ್ಮನಿರು’ ಎಂದಿದ್ದರೆ, ಈಗಲಾದರೂ ಕೂತು ಕೇಳಿಸಿಕೊಳ್ಳಿ. ಆ ವ್ಯಕ್ತಿಯನ್ನು ಹಬ್ಬ ಹುಣ್ಣಿಮೆಗೆ ಕರೆಯುವುದನ್ನೂ ನಿಲ್ಲಿಸಿ.

## ಮನೆಯೊಳಗೆ

ಎಲ್ಲಾ ನಾಟಕ, ಗಮನ ಸೆಳೆಯೋಕೆ ಅಂತಾರೆ ಮನೆಯವರು. ಏನು ಹೇಳೋದು?

ಗಮನ ಬೇಕಾಗಿರುವುದು ನಿಜವೇ ಇರಬಹುದು. ಆದರೆ ಮೆಲ್ಲಗೆ ಹೇಳಿದಾಗ ಯಾರೂ ಕಿವಿಗೊಡದೆ, ಕೈ ಕುಯ್ದುಕೊಂಡಾಗ ಮಾತ್ರ ಮನೆಯವರೆಲ್ಲ ಓಡಿಬಂದರೆ, ಯಾವ ಭಾಷೆ ಕೆಲಸ ಮಾಡುತ್ತದೆ ಎಂದು ಮನೆಯೇ ಕಲಿಸಿದಂತಾಯಿತು. ಹಾಗಾಗಿ ಗಮನವನ್ನು ಮುಂಚೆಯೇ ಕೊಡಿ, ಸಾಮಾನ್ಯ ದಿನಗಳಲ್ಲಿ ಕೊಡಿ. ಗಾಯವಾದಾಗ ಗಾಯಕ್ಕೆ ಬೇಕಾದ ಆರೈಕೆಯನ್ನು ಶಾಂತವಾಗಿ ಮಾಡಿ. ಬೈಗುಳ ಬೇಡ, ಇಡೀ ಬಂಧುಬಳಗ ಸೇರಿಸುವುದೂ ಬೇಡ. ಸ್ವಹಾನಿ ಮಾಡಿಕೊಳ್ಳುವವರಿಗೆಲ್ಲ ಸಾಯುವ ಉದ್ದೇಶ ಇರುವುದಿಲ್ಲ. ತಡೆಯಲಾರದ ಒಳಸಂಕಟ ಒಂದು ಗಳಿಗೆ ಇಳಿಯಲಿ ಎಂದು ಮಾಡಿಕೊಳ್ಳುವವರೇ ಹೆಚ್ಚು. ಆದರೂ ಆತ್ಮಹತ್ಯೆಯ ಅಪಾಯ ಈ ಕಾಯಿಲೆಯಲ್ಲಿ ಬೇರೆಯವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ‘ನಾಟಕ’ ಎಂದು ಪಕ್ಕಕ್ಕೆ ತಳ್ಳುವುದು ಅಪಾಯಕಾರಿ.

ಅವಳು ಸಿಟ್ಟಲ್ಲಿದ್ದಾಗ ಏನಂದ್ರೂ ಜಗಳ ಜಾಸ್ತಿ ಆಗುತ್ತೆ. ಹೇಗೆ ಮಾತಾಡ್ಬೇಕು?

ಸಾಮಾನ್ಯವಾಗಿ ಆಗುವುದು ಹೀಗೆ. ಮಗಳು: ‘ಅವನು ಮಧ್ಯಾಹ್ನದಿಂದ ಫೋನೇ ಎತ್ತಿಲ್ಲ, ನನ್ನ ಬಿಟ್ಟುಬಿಡ್ತಾನೆ.’ ಅಮ್ಮ: ‘ಏನೋ ಕೆಲಸ ಇರುತ್ತೆ ಕಣೇ, ಅಷ್ಟಕ್ಕೆ ಇಷ್ಟೊಂದಾ?’ ಅಮ್ಮ ಸಮಾಧಾನಕ್ಕೆಂದೇ ಹೇಳಿದ್ದು. ಮಗಳಿಗೆ ಕೇಳಿಸಿದ್ದು ‘ನಿನ್ನ ಭಯ ಸುಳ್ಳು’ ಎಂದು. ಅದು ಸುಳ್ಳಲ್ಲವೆಂದು ಸಾಬೀತು ಮಾಡಲು ದನಿ ಏರುತ್ತದೆ, ಅಪ್ಪ ಒಳಗಿನಿಂದ ಗದರುತ್ತಾರೆ, ಬಾಗಿಲು ಬಡಿಯುತ್ತದೆ.

ಅಲ್ಲಿ ಬೇಕಾಗಿದ್ದದ್ದು ಇಷ್ಟು: ‘ಮಧ್ಯಾಹ್ನದಿಂದ ಕಾಯ್ತಿದ್ದೀಯ. ಭಯ ಆಗಿದೆ ಅಲ್ವಾ?’ ಭಾವನೆಯನ್ನು ಒಪ್ಪಿದಿರಿ, ‘ಬಿಟ್ಟುಬಿಡ್ತಾನೆ’ ಎಂಬ ತೀರ್ಮಾನವನ್ನಲ್ಲ. ಉಸಿರು ಸ್ವಲ್ಪ ತಗ್ಗಿದ ಮೇಲೆ ಮಾತ್ರ ‘ಈಗ ಏನು ಮಾಡೋಣ?’ ಎಂದು ಕೇಳಿ. ಪರಿಹಾರವನ್ನು ಮೊದಲೇ ಮುಂದಿಡುವುದೇ ಮನೆಗಳಲ್ಲಿ ಹೆಚ್ಚಾಗಿ ಆಗುವ ಎಡವಟ್ಟು. ಇನ್ನೊಂದು, ಒಬ್ಬರೇ ಮಾತಾಡಿ. ಮೂವರು ಸುತ್ತ ನಿಂತರೆ ಅದು ಪಂಚಾಯಿತಿ.

ಒಪ್ಪಿಕೊಳ್ಳುವುದು ಅಂದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದಲ್ಲ. ‘ಪಾತ್ರೆ ಎಸೆದರೆ ನಾನು ಪಕ್ಕದ ಕೋಣೆಗೆ ಹೋಗ್ತೀನಿ, ಅರ್ಧ ಗಂಟೆ ಬಿಟ್ಟು ಬರ್ತೀನಿ’ ಎಂದು ಸಮಾಧಾನದ ದಿನವೊಂದರಲ್ಲಿ ಮೊದಲೇ ಹೇಳಿಡಿ. ಹೇಳಿದ ಅರ್ಧ ಗಂಟೆಗೆ ಸರಿಯಾಗಿ ಬನ್ನಿ. ಬಾರದಿದ್ದರೆ ಅವಳ ಭಯಕ್ಕೆ ನೀವೇ ಸಾಕ್ಷಿ ಒದಗಿಸಿದ ಹಾಗೆ.

ರಾತ್ರಿ ಹೊತ್ತು ಸಾಯ್ತೀನಿ ಅಂತಾಳೆ. ಆಗ ಏನು ಮಾಡ್ಬೇಕು?

ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸ್ತಿದೆಯಾ? ಹೇಗೆ ಅಂತ ಯೋಚನೆ ಮಾಡಿದ್ದೀಯಾ?’ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವಳನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಕರೆ ಮಾಡಬಹುದು. ಈಗಾಗಲೇ ಏನಾದರೂ ನುಂಗಿದ್ದರೆ ಅಥವಾ ಗಾಯ ಆಳವಾಗಿದ್ದರೆ ಕಾಯದೆ 108ಕ್ಕೆ ಕರೆ ಮಾಡಿ, ಹತ್ತಿರದ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.

ಉಳಿದ ಕೆಲಸ ಹಗಲಿನಲ್ಲಿ ಆಗಬೇಕು. ತೋಟಕ್ಕೆ ತಂದ ಔಷಧಿ ಮನೆಯಲ್ಲಿ ಇರಲೇಬಾರದು; ಇಡಲೇಬೇಕಾದರೆ ಬೀಗ ಹಾಕಿ, ಬೀಗದ ಕೈ ಬೇರೆ ಮನೆಯಲ್ಲಿರಲಿ. ಅಜ್ಜಿಯ ಬಿಪಿ ಮಾತ್ರೆ ಸೇರಿ ಎಲ್ಲ ಮಾತ್ರೆಗಳೂ ಒಬ್ಬರ ಸುಪರ್ದಿಯಲ್ಲಿರಲಿ, ಅವಳ ಮಾತ್ರೆಯನ್ನು ವಾರಕ್ಕಾಗುವಷ್ಟೇ ಬರೆದುಕೊಡಲು ವೈದ್ಯರನ್ನು ಕೇಳಿ. ಆಮೇಲೆ ಅವಳ ಜೊತೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ಕೆಡುವ ಮುನ್ಸೂಚನೆಗಳು, ತಾನೇ ಮಾಡಬಹುದಾದದ್ದು, ಯಾರ ಜೊತೆ ಎಲ್ಲಿ ಹೋದರೆ ಮನಸ್ಸು ಬೇರೆಡೆ ತಿರುಗುತ್ತದೆ, ಯಾರಿಗೆ ಬಾಯಿಬಿಟ್ಟು ಹೇಳಬಹುದು, ಯಾವ ವೈದ್ಯರು, ಯಾವ ನಂಬರ್. ಫೋನಿನಲ್ಲಿ ಅದರ ಫೋಟೋ ಇರಲಿ.

ನಂಗೆ ಅಂತ ಒಂದು ಕೋಣೆನೂ ಇಲ್ಲ. ಥೆರಪಿಯವರು ಹೇಳಿದ್ದನ್ನ ಎಲ್ಲಿ ಮಾಡ್ಲಿ?

ಕೂಡುಕುಟುಂಬದಲ್ಲಿ, ಬಾಡಿಗೆಯ ಎರಡು ಕೋಣೆಗಳ ಮನೆಯಲ್ಲಿ ಇದು ದೊಡ್ಡ ತೊಡಕು. ಬಚ್ಚಲುಮನೆ ಸಾಕು. ಸಂಕಟ ಏರಿದಾಗ ತಣ್ಣೀರಿನ ಬೋಗುಣಿಯಲ್ಲಿ ಉಸಿರು ಹಿಡಿದು ಮುಖ ಅದ್ದಿ, 30 ಸೆಕೆಂಡಿನ ತನಕ, ಎದೆಬಡಿತ ಇಳಿಯುತ್ತದೆ. ಹೃದಯದ ತೊಂದರೆ ಇದ್ದವರೂ ಊಟ ಬಿಡುವ ಕಾಯಿಲೆ ಇದ್ದವರೂ ಇದನ್ನು ವೈದ್ಯರನ್ನು ಕೇಳದೆ ಮಾಡಬಾರದು. ಅವರಿಗೆ ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡುವುದೇ ಸಾಕು, ಅದನ್ನು ಒಲೆಯ ಮುಂದೆ ನಿಂತೂ ಮಾಡಬಹುದು. ಬಟ್ಟೆ ಒಣಹಾಕಲು ತಾರಸಿಗೆ ಹೋಗುವುದು, ಹಾಲು ತರುವ ನೆಪ, ಪಕ್ಕದ ಮನೆಯ ನಂಬಿಕೆಯ ಆಂಟಿ, ಇವೆಲ್ಲ ಯೋಜನೆಯ ಹಾಳೆಯಲ್ಲಿ ಇರಬೇಕಾದವೇ. ಡೈರಿ ಬರೆದರೆ ಓದುತ್ತಾರೆ ಎಂಬ ಹೆದರಿಕೆಯಿದ್ದರೆ ವಾಕ್ಯ ಬೇಡ. ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ 0ಯಿಂದ 5ರ ತನಕ ಒಂದು ಅಂಕಿ ಬರೆದರೂ ಥೆರಪಿಸ್ಟ್‌ಗೆ ಅರ್ಥವಾಗುತ್ತದೆ.

ಗಾಳಿ ಸೋಕಿದೆ ಅಂತ ಕರ್ಕೊಂಡು ಹೋಗ್ತಾರೆ. ತಡೆಯೋದು ಹೇಗೆ?

ದೇವಸ್ಥಾನಕ್ಕೆ, ದರ್ಗಾಕ್ಕೆ ಹೋಗುವುದನ್ನು ತಡೆಯಲು ಹೋಗಿ ಮನೆಯಲ್ಲಿ ಇನ್ನೊಂದು ರಣರಂಗ ಮಾಡಿಕೊಳ್ಳುವ ಅಗತ್ಯವಿಲ್ಲ. ಹೊಡೆತ, ಕಟ್ಟಿಹಾಕುವುದು, ಉಪವಾಸ ಕೆಡವುವುದು, ಮಾತ್ರೆ ನಿಲ್ಲಿಸುವುದು, ಇಷ್ಟಕ್ಕೆ ಮಾತ್ರ ಗೆರೆ ಎಳೆಯಿರಿ. ದೆವ್ವ ಬಿಡಿಸುವ ಹೆಸರಲ್ಲಿ ಹೊಡೆಯುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯಡಿ ಅಪರಾಧ.

## ಮದುವೆ, ಗಂಡನ ಮನೆ, ಮಗು

ಮದುವೆ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ ಅಂತಾರಲ್ಲ, ನಿಜವಾ?

ಇಲ್ಲ. ಬಿಟ್ಟುಹೋಗುತ್ತಾರೆಂಬ ಭಯವೇ ಕಾಯಿಲೆಯಾಗಿರುವವಳನ್ನು ತವರಿನಿಂದ ಕಿತ್ತು ಗೊತ್ತಿಲ್ಲದ ಮನೆಯಲ್ಲಿ ನೆಟ್ಟರೆ, ಮೊದಲ ವರ್ಷವೇ ಕಷ್ಟವಾಗುತ್ತದೆ. ಥೆರಪಿ ನಿಲ್ಲುತ್ತದೆ, ಮಾತ್ರೆಯನ್ನು ಸೂಟ್‌ಕೇಸಿನ ತಳದಲ್ಲಿ ಬಚ್ಚಿಡಬೇಕಾಗುತ್ತದೆ, ಕೆಲಸ ಬಿಡಿಸುತ್ತಾರೆ, ಗೆಳತಿಯರು ದೂರವಾಗುತ್ತಾರೆ. ಅವಳಿಗೇ ಮದುವೆ ಬೇಕಿದ್ದರೆ ಆಗಲಿ, ಅದು ಅವಳ ಹಕ್ಕು. ಆದರೆ ಚಿಕಿತ್ಸೆ ಒಂದು ಹದಕ್ಕೆ ಬಂದಿರಲಿ, ಮದುವೆಯ ನಂತರ ಅದು ಯಾವ ಊರಲ್ಲಿ, ಯಾರ ದುಡ್ಡಲ್ಲಿ ಮುಂದುವರಿಯುತ್ತದೆ ಎಂಬುದು ನಿಶ್ಚಿತಾರ್ಥಕ್ಕೆ ಮುಂಚೆ ತೀರ್ಮಾನವಾಗಿರಲಿ.

ಗಂಡಿನ ಕಡೆಯವರಿಗೆ ಮೊದಲೇ ಹೇಳ್ಬೇಕಾ?

ಹುಡುಗನಿಗೆ ಹೇಳಿ. ಮುಚ್ಚಿಟ್ಟರೆ ‘ಮೋಸದಿಂದ ಮದುವೆ ಮಾಡಿದರು’ ಎಂದು ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಡಿ ಮದುವೆ ರದ್ದತಿಗೆ ಅರ್ಜಿ ಹಾಕುವ ದಾರಿ ತೆರೆಯುತ್ತದೆ. ಹುಡುಗಿಯೇ ಹೇಳಲಿ, ದಲ್ಲಾಳಿ ಬೇಡ. ‘ನನಗೆ ಭಾವನೆಗಳು ಬೇಗ ಏರುತ್ತವೆ, ಇಷ್ಟು ದಿನದಿಂದ ಚಿಕಿತ್ಸೆ ತಗೊಳ್ತಿದ್ದೀನಿ, ಮುಂದೆಯೂ ತಗೊಳ್ತೀನಿ’ ಎಂಬಷ್ಟು ಸಾಕು. ಬಾಲ್ಯದಲ್ಲಿ ನಡೆದದ್ದರ ವಿವರ ಯಾರಿಗೂ ಸಲ್ಲಬೇಕಾದ್ದಲ್ಲ. ಕಾಯಿಲೆಯ ಹೆಸರೊಂದೇ ವಿಚ್ಛೇದನಕ್ಕೆ ಸಾಕಾಗುವುದಿಲ್ಲ. 13ನೇ ಕಲಮಿನ ಪ್ರಕಾರ ಅದು ಜೊತೆಗೆ ಬಾಳಲು ಆಗದಷ್ಟು ತೀವ್ರವಾಗಿರಬೇಕು, ಸುಪ್ರೀಂ ಕೋರ್ಟ್ ಕೂಡ 1988ರ ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲಿ ಇದನ್ನೇ ಹೇಳಿದೆ.

ಗಂಡ ಹೊಡೀತಾನೆ. ಕೇಳಿದ್ರೆ ಇವಳಿಗೆ ತಲೆ ಸರಿ ಇಲ್ಲ ಅಂತಾನೆ. ನನ್ನ ಮಾತು ಯಾರು ನಂಬ್ತಾರೆ?

ಚಿಕಿತ್ಸೆಯ ಚೀಟಿಯನ್ನೇ ಹೆಂಡತಿಯ ವಿರುದ್ಧ ಹಿಡಿಯುವುದು ಹೊಸತಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಮು ಸ್ಪಷ್ಟವಾಗಿದೆ: ಮಾನಸಿಕ ಕಾಯಿಲೆಯಿದೆ ಎಂದಾಕ್ಷಣ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದಾಗುವುದಿಲ್ಲ, ಅದನ್ನು ಹೇಳಬೇಕಾದ್ದು ನ್ಯಾಯಾಲಯ. ಹೊಡೆದ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಯಾರು ಹೊಡೆದರೆಂದು ಬರೆಸಿ, ಗಾಯದ ಫೋಟೋವನ್ನು ನಂಬಿಕಸ್ಥರೊಬ್ಬರಿಗೆ ಕಳಿಸಿ ನಿಮ್ಮ ಫೋನಿನಿಂದ ಅಳಿಸಿ. ನೀವೂ ತಿರುಗಿ ಕಿರುಚಿದ್ದರೆ, ಏನಾದರೂ ಎಸೆದಿದ್ದರೆ ಅದನ್ನು ಮುಚ್ಚಬೇಡಿ. ಆಮೇಲೆ ಹೊರಬಂದರೆ ಇಡೀ ದೂರು ಸಡಿಲವಾಗುತ್ತದೆ.

ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ದೂರು ಕೊಡಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋಗಬಹುದು. ಮಹಿಳಾ ಸಹಾಯವಾಣಿ 181. ದೌರ್ಜನ್ಯಕ್ಕೊಳಗಾದ ಹೆಂಗಸರಿಗಾಗಿ ಇರುವ ಜಿಲ್ಲೆಯ ‘ಸಖಿ’ ಕೇಂದ್ರದಲ್ಲಿ ಐದು ದಿನದ ಮಟ್ಟಿಗೆ ಉಳಿಯಲು ಅವಕಾಶವಿದೆ. ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ, ನಂಬರ್ 15100.

ಆಸ್ಪತ್ರೆಗೆ ಸೇರಿದ್ರೆ ಮಗುನ ಕಿತ್ಕೋತಾರಾ?

ಈ ಭಯಕ್ಕೇ ಎಷ್ಟೋ ತಾಯಂದಿರು ಚಿಕಿತ್ಸೆ ತಪ್ಪಿಸುತ್ತಾರೆ. ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂದು ಅದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಮು ಹೇಳುತ್ತದೆ. ಮಗುವಿಗೆ ಅಪಾಯವಿದ್ದರೆ ಮಾತ್ರ ಬೇರೆ ಮಾತು. ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಒಟ್ಟಿಗಿರುವ ಪ್ರತ್ಯೇಕ ವಿಭಾಗವೇ ಇದೆ. ಕಸ್ಟಡಿ ವಿಚಾರದಲ್ಲಿ ಕೋರ್ಟ್ ನೋಡುವುದು ಮಗುವಿನ ಹಿತವನ್ನು. ನಿಯಮಿತವಾಗಿ ಚಿಕಿತ್ಸೆಗೆ ಹೋದ ದಾಖಲೆ ನಿಮ್ಮ ಪರವಾಗಿಯೇ ನಿಲ್ಲುತ್ತದೆ.

## ಚಿಕಿತ್ಸೆ, ದುಡ್ಡು, ಕೆಲಸ

ಯಾವ ಮಾತ್ರೆಯಿಂದ ವಾಸಿಯಾಗುತ್ತೆ?

ಬಿಪಿಡಿಗೆಂದೇ ಅನುಮೋದನೆಯಾದ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆಗೆ, ನಿದ್ದೆಗೆ ಕೊಡುತ್ತಾರೆ. ವರ್ಷಕ್ಕೊಂದರಂತೆ ಸೇರುತ್ತಾ ಐದಾರು ಮಾತ್ರೆಗಳಾಗಿದ್ದರೆ ‘ಇದರಲ್ಲಿ ಯಾವುದು ಯಾತಕ್ಕೆ?’ ಎಂದು ಕೇಳಿ. ಮಕ್ಕಳಾಗುವ ವಯಸ್ಸಿನವರು ಮನಸ್ಥಿತಿಯ ಏರಿಳಿತಕ್ಕೆ ಕೊಡುವ ವ್ಯಾಲ್‌ಪ್ರೊಯೇಟ್ ಬಗ್ಗೆ ಕೇಳಲೇಬೇಕು, ಗರ್ಭದ ಮಗುವಿಗೆ ಅದು ತೀವ್ರ ಹಾನಿ ಮಾಡುತ್ತದೆ. ಅದೇ ಬಗೆಯ ಇನ್ನೊಂದು ಮಾತ್ರೆ ಕಾರ್ಬಮಾಜೆಪಿನ್ ಇದ್ದರೆ ಗರ್ಭನಿರೋಧಕ ಮಾತ್ರೆ ಕೈಕೊಡಬಹುದು. ಹಾಗಂತ ಯಾವುದನ್ನೂ ಥಟ್ಟನೆ ನಿಲ್ಲಿಸಬೇಡಿ.

ಡಿಬಿಟಿ ಎಲ್ಲಿ ಸಿಗುತ್ತೆ? ನಮ್ಮದು ಸಣ್ಣ ಊರು.

ಪೂರ್ತಿ ಡಿಬಿಟಿ ಅಂದರೆ ವಾರಕ್ಕೊಮ್ಮೆ ಒಬ್ಬರಿಗೇ ಸುಮಾರು ಒಂದು ಗಂಟೆ, ಇನ್ನೊಮ್ಮೆ ಗುಂಪಿನಲ್ಲಿ ಎರಡು ಎರಡೂವರೆ ಗಂಟೆ, ನಡುವೆ ಫೋನ್ ನೆರವು, ಹೀಗೆ ಒಂದು ವರ್ಷ. ಇಷ್ಟೂ ಒಟ್ಟಿಗೆ ಸಿಗುವ ಜಾಗ ನಮ್ಮಲ್ಲಿ ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಲ್ಲಿ ವಿಚಾರಿಸಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ಎಂದು ಮೊದಲೇ ತಿಳಿದುಕೊಂಡು ಹೋಗಿ. ‘ಶಕ್ತಿ’ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚಿಲ್ಲ. ಅಷ್ಟರಿಂದಲೇ ಗಂಡನ ಕೈ ಕಾಯದೆ ಆಸ್ಪತ್ರೆಗೆ ಹೋಗಿಬರುವುದು ಸಾಧ್ಯವಾಗುತ್ತದೆ.

ಆನ್‌ಲೈನ್ ಥೆರಪಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತಿನ) ನೋಂದಣಿ ಸಂಖ್ಯೆ ಕೇಳಿ, ಸ್ವಹಾನಿ ಇರುವವರನ್ನು ನೋಡಿದ ಅನುಭವ ಇದೆಯೇ ಎಂದೂ ಕೇಳಿ. ಫೀಸ್ ಕೊಡುವವರು ಅಪ್ಪನೋ ಗಂಡನೋ ಆದರೂ ಒಳಗೆ ಆಡಿದ ಮಾತು ಅವರಿಗೆ ಸೇರಿದ್ದಲ್ಲ. ಜೀವಕ್ಕೆ ಅಪಾಯವಿದ್ದಾಗ ಅಗತ್ಯವಿರುವಷ್ಟನ್ನು ಮಾತ್ರ ಹೇಳಬಹುದು. ವಿಮೆ ಬಹುಮಟ್ಟಿಗೆ ದಾಖಲಾದ ಖರ್ಚಿಗೇ ಸಿಗುತ್ತದೆ, ವಾರದ ಥೆರಪಿಗಲ್ಲ. ಪಾಲಿಸಿ ಓದಿ ನೋಡಿ.

ಆಫೀಸಲ್ಲಿ ಹೇಳ್ಬೇಕಾ?

ಕಾಯಿಲೆಯ ಹೆಸರು ಹೇಳುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ‘ಪ್ರತಿ ಗುರುವಾರ ಮಧ್ಯಾಹ್ನ ವೈದ್ಯರ ಭೇಟಿ ಇದೆ’ ಎಂದರೆ ಸಾಕು. ಸಿಟ್ಟಿನಲ್ಲಿ ಬರೆದ ರಾಜೀನಾಮೆಯ ಮೇಲ್ ಡ್ರಾಫ್ಟಿನಲ್ಲೇ ಒಂದು ರಾತ್ರಿ ಮಲಗಲಿ.

## ಇನ್ನೂ ಒಳಗಿನ ಪ್ರಶ್ನೆಗಳು

ಕೈ ಕುಯ್ದುಕೊಂಡು ಹೋದ್ರೆ ಆಸ್ಪತ್ರೆಯವರೇ ಬೈತಾರೆ, ಪೊಲೀಸ್ ಕೇಸ್ ಅಂತಾರೆ. ಏನು ಮಾಡ್ಲಿ?

ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು, ಆದರೆ ಆತ್ಮಹತ್ಯೆಗೆ ಯತ್ನಿಸಿದ್ದಕ್ಕೆ ಶಿಕ್ಷೆಯಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆನ್ನುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಮೇ ಇಲ್ಲ.

ಸಿಬ್ಬಂದಿಯ ತಾತ್ಸಾರ ಜಗತ್ತಿನಾದ್ಯಂತ ಇರುವಂಥದ್ದು. ವ್ಯಕ್ತಿತ್ವ ದೋಷ ಎಂಬ ಹಣೆಪಟ್ಟಿ ಇದ್ದವರನ್ನು ಮನೋವೈದ್ಯರೇ ಕಡಿಮೆ ಇಷ್ಟಪಡುತ್ತಾರೆ ಎಂದು ಬ್ರಿಟನ್ನಿನ ಅಧ್ಯಯನವೊಂದು 1988ರಲ್ಲೇ ತೋರಿಸಿತ್ತು. ಅದಕ್ಕೆ ಸಿದ್ಧತೆಯಾಗಿ ಒಂದು ಕೆಲಸ ಈಗಲೇ ಮಾಡಿಡಿ: ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ನಿಮ್ಮ ನಾಮನಿರ್ದೇಶಿತ ಪ್ರತಿನಿಧಿಯನ್ನು (ಚಿಕಿತ್ಸೆಯ ತೀರ್ಮಾನಗಳಲ್ಲಿ ನಿಮ್ಮ ಪರ ನಿಲ್ಲುವವರನ್ನು) ಹೆಸರಿಸಿ. ಅವರು ಗಂಡನೇ ಆಗಬೇಕಿಲ್ಲ, ವಯಸ್ಕರಾದ ಗೆಳತಿಯೂ ಆಗಬಹುದು, ಅವರ ಒಪ್ಪಿಗೆ ಬೇಕು. ಹೀಗೆ ಬರೆದಿಡದಿದ್ದರೆ ಆ ಜಾಗಕ್ಕೆ ಸಂಬಂಧಿಕರು ಬರುತ್ತಾರೆ.

ಇದು ನಿಜವಾಗ್ಲೂ ಕಾಯಿಲೆನಾ, ಇಲ್ಲ ಹೆಂಗಸರಿಗೆ ಹಚ್ಚಿದ ಹಣೆಪಟ್ಟಿನಾ?

ಈ ವಾದದಲ್ಲಿ ಹುರುಳಿದೆ. ವರ್ಷಗಟ್ಟಲೆ ದೌರ್ಜನ್ಯ ಅನುಭವಿಸಿದವಳ ಸಿಟ್ಟಿಗೆ ‘ವ್ಯಕ್ತಿತ್ವ ದೋಷ’ ಎಂದರೆ ಹೊಡೆದವನು ಚಿತ್ರದಿಂದಲೇ ಮಾಯವಾಗುತ್ತಾನೆ. ಅಂಥವರಲ್ಲಿ ಕೆಲವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಸೇರಿರುವ, ದೀರ್ಘಕಾಲದ ಆಘಾತದಿಂದ ಬರುವ ಕಾಂಪ್ಲೆಕ್ಸ್ ಪಿಟಿಎಸ್‌ಡಿ ಎಂಬ ಹೆಸರೇ ಹೆಚ್ಚು ಹೊಂದಬಹುದು. ಆದರೆ ಹೆಸರನ್ನು ಕಿತ್ತೆಸೆದರೆ ಸಂಕಟ ಹೋಗುವುದಿಲ್ಲ, ಡಿಬಿಟಿಯಂಥ ಚಿಕಿತ್ಸೆಗೆ ದಾರಿ ಸಿಗುವುದೂ ಎಷ್ಟೋ ಸಲ ಆ ಹೆಸರಿನಿಂದಲೇ. ಹೊಡೆತ ಇವತ್ತಿಗೂ ನಡೆಯುತ್ತಿರುವ ಮನೆಯಲ್ಲಿ ‘ಭಾವನೆ ಹತೋಟಿಯಲ್ಲಿಟ್ಟುಕೊಳ್ಳುವುದು ಕಲಿ’ ಎಂದು ಅವಳಿಗೆ ಹೇಳುವುದು ಮಾತ್ರ ಅನ್ಯಾಯ. ಅಲ್ಲಿ ಮೊದಲು ಬೇಕಾದ್ದು ಸುರಕ್ಷಿತ ಜಾಗ.

ಜೀವನಪೂರ್ತಿ ಹೀಗೇನಾ?

ಅಮೆರಿಕದ ಮ್ಯಾಕ್ಲೀನ್ ಆಸ್ಪತ್ರೆಯಲ್ಲಿ ದಾಖಲಾಗಿದ್ದವರನ್ನು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ನೂರಕ್ಕೆ 93 ಮಂದಿ ಕನಿಷ್ಠ ಎರಡು ವರ್ಷ ಕಾಯಿಲೆಯ ಮಾನದಂಡದಿಂದ ಹೊರಗಿದ್ದರು. ಅದರ ಜೊತೆಗೆ ಸ್ಥಿರವಾದ ಸಂಬಂಧ, ಪೂರ್ಣಾವಧಿ ಕೆಲಸ ಅಥವಾ ಓದು ಎರಡನ್ನೂ ಗಳಿಸಿಕೊಂಡವರು ಅರ್ಧದಷ್ಟು ಮಾತ್ರ. ದುಡುಕು, ಸ್ವಹಾನಿ ಮೊದಲು ಇಳಿಯುತ್ತವೆ. ಖಾಲಿತನ, ಬಿಟ್ಟುಹೋಗುವ ಭಯ ನಿಧಾನ. ಆದ್ದರಿಂದ ‘ಪೂರ್ತಿ ವಾಸಿಯಾಗಲಿ, ಆಮೇಲೆ ನೋಡೋಣ’ ಎಂದು ಕಾಲೇಜು ಬಿಡಿಸಬೇಡಿ, ಕೆಲಸ ಬಿಡಿಸಬೇಡಿ. ದಿನಕ್ಕೆ ಎರಡು ಗಂಟೆಯ ಟೈಲರಿಂಗ್ ಆದರೂ ಸರಿ, ಬಂದ ದುಡ್ಡು ಅವಳ ಹೆಸರಿನ ಖಾತೆಗೇ ಹೋಗಲಿ.